ಒಂಬತ್ತು ಮಕ್ಕಳು, ಮೂರು ಕಲ್ಲು

ಗುಡ್ಡಕ್ಕೆ ಹೋಗುತ್ತೇವೆ ಎಂದರೆ ನಮ್ಮ ಬೈಲಹೊಂಗಲದ ಕಡೆ ಯಾವ ಗುಡ್ಡ ಎಂದು ಯಾರೂ ಕೇಳುವುದಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡವೇ. ಈ ಸಲದ ಭಾರತ ಹುಣ್ಣಿಮೆಗೆ ಹೊರಡುವುದೆಂದು ಸಂಕ್ರಾಂತಿಯ ಮರುದಿನ ನಮ್ಮ ಮನೆಯ ಕಟ್ಟೆಯ ಮೇಲೆ ಮಾತಾಯಿತು. ಕಾಯಿ ಒಡೆಸಿಕೊಂಡು ಸಂಜೆಯ ಬಸ್ಸಿಗೆ ಮರಳುವ ಮಾತಲ್ಲ ಮತ್ತೆ. ಚಕ್ಕಡಿ ಕಟ್ಟಿಕೊಂಡು ಹೋಗಿ, ಬಯಲಲ್ಲಿ ಬಿಡಾರ ಮಾಡಿ, ಒಲೆ ಹೂಡಿ, ದಾರಿಯಲ್ಲೊಂದು ರಾತ್ರಿ, ಗುಡ್ಡದಲ್ಲಿ ಎರಡು ರಾತ್ರಿ ಆಕಾಶದ ಕೆಳಗೆ ಮಲಗಿ ಬರುವ ಮಾತು. ನಾಲ್ಕು ಮನೆಯವರು, ಹನ್ನೊಂದು ಮಂದಿ ದೊಡ್ಡವರು, ಒಂಬತ್ತು ಮಕ್ಕಳು. ಮಕ್ಕಳಲ್ಲಿ ಹಿರಿಯಳಿಗೆ ಹನ್ನೊಂದು ವರ್ಷ, ಕಿರಿಯದಕ್ಕೆ ಹತ್ತು ತಿಂಗಳು. ಆ ಕಿರಿಯದು ಈಗಷ್ಟೇ ಅಂಬೆಗಾಲಿಡುತ್ತಿದೆ, ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ.

ಅವತ್ತಿನಿಂದ ಮನೆಯಲ್ಲಿ ಬೇರೆ ಸುದ್ದಿಯೇ ಇಲ್ಲ. ಬೈಲಹೊಂಗಲದಿಂದ ಸವದತ್ತಿಗೆ ನಲವತ್ತು ಕಿಲೋಮೀಟರಿನ ಆಸುಪಾಸು, ಬಸ್ಸಿಗೆ ತಾಸು ಚಿಲ್ಲರೆಯ ದಾರಿ, ಅದಕ್ಕೆ ಹದಿನೈದು ದಿನದ ಸಜ್ಜೇ ಎಂದು ನೀವು ಕೇಳಬಹುದು. ಎತ್ತು ತಾಸಿಗೆ ಮೂರೋ ನಾಲ್ಕೋ ಕಿಲೋಮೀಟರು ನಡೆಯುತ್ತದೆ. ಬಿಸಿಲೇರಿದರೆ ಕೊಳ್ಳು ಹರಿಯಬೇಕು, ನೀರು ಕುಡಿಸಬೇಕು, ಮೆಲುಕು ಹಾಕಲು ಬಿಡಬೇಕು. ಹೀಗೆ ನಡೆದರೆ ಎರಡು ದಿನ. ಎರಡು ದಿನದ ದಾರಿ ಎಂದೊಡನೆ ಮನುಷ್ಯ ಯೋಚನೆ ಮಾಡತೊಡಗುತ್ತಾನೆ. ಮಕ್ಕಳಿದ್ದರಂತೂ ಯೋಚನೆಯ ಮೇಲೆ ಯೋಚನೆ. ನನ್ನನ್ನು ಕೇಳಿದರೆ ಆ ಯೋಚನೆಯ ಹದಿನೈದು ದಿನವೂ ಜಾತ್ರೆಯದೇ ಲೆಕ್ಕ. ಚಿಕ್ಕಂದಿನ ಜಾತ್ರೆಗಳಲ್ಲಿ ದೇವಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಹಿಂದಿನ ದಿನ ನಮ್ಮ ಆಯಿ ಚಕ್ಕಡಿಗೆ ಮೊಟ್ಟಮೊದಲು ಉಪ್ಪಿನ ಗಡಿಗೆ ಇಡುತ್ತಿದ್ದದ್ದು, ಆಮೇಲೆಯೇ ಉಳಿದವರಿಗೆ ಸಾಮಾನು ಮುಟ್ಟಲು ಬಿಡುತ್ತಿದ್ದದ್ದು ಚೆನ್ನಾಗಿ ನೆನಪಿದೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಮೊನ್ನೆ ಫೋನು ಮಾಡಿದ. "ಚಿಗವ್ವಾ, ಟೆಂಟ್ ತರ್ತೀನಿ. ಎರಡ ನಿಮಿಷದಾಗ ನಿಂದರತೈತಿ. ಮಲಗೂ ಚೀಲಾನೂ ತರ್ತೀನಿ" ಅಂದ. "ತಾ ಮಗನ, ಹಗಲಿಗೆ ಕೂಸಿಗೆ ನೆರಳಾಗತೈತಿ. ಮಲಗಾಕ ಕಣಕಿ ಐತಿ" ಅಂದೆ. ಅವನು ಹುಟ್ಟಿದ್ದು ಇಲ್ಲೇ, ಆದರೆ ಕಣಕಿಯ ಮೇಲೆ ಮಲಗಿ ಗೊತ್ತಿಲ್ಲ. ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕಣಕಿ ಎಂದರೆ ಜೋಳದ ಒಣ ದಂಟು. ಚಕ್ಕಡಿಯ ತಳಕ್ಕೆ ಕಣಕಿಯ ಸೂಡುಗಳನ್ನು ಒತ್ತೊತ್ತಾಗಿ ಒಟ್ಟುತ್ತಾರೆ. ಅದರ ಮೇಲೆ ಹೊಟ್ಟಿನ ಚೀಲ, ಚೀಲದ ಮೇಲೆ ದಪ್ಪನೆಯ ಕೌದಿ ಎರಡು. ಚಕ್ಕಡಿ ಕುಲುಕಿದರೆ ಮೈಗೆ ತಾಗುವುದಿಲ್ಲ, ತೂಗಿದಂತಾಗುತ್ತದೆ. ಒಣ ದಂಟಿನ ಒಂದು ಸಿಹಿ ವಾಸನೆ ಬೇರೆ. ಇದರ ದೊಡ್ಡ ವಿಶೇಷವೆಂದರೆ ಈ ಹಾಸಿಗೆ ಎತ್ತುಗಳ ಊಟವೂ ಹೌದು. ಊರು ಬಿಡುವಾಗ ಮಕ್ಕಳು ಮೇಲೆ ಹತ್ತಲು ದೊಡ್ಡವರು ಎತ್ತಿ ಕೊಡಬೇಕು, ಅಷ್ಟು ಎತ್ತರ. ಹೊತ್ತು ಹೊತ್ತಿಗೆ ಒಂದೊಂದು ಸೂಡು ಹಿರಿದು ಎತ್ತಿನ ಮುಂದೆ ಹಾಕುತ್ತ ಹೋದಂತೆ ಹಾಸಿಗೆ ಇಳಿಯುತ್ತದೆ. ಮರಳಿ ಬರುವಾಗ ಬೆನ್ನಿಗೆ ಹಲಗೆ ಸಿಗುತ್ತದೆ. ನನಗೆ ಆರು ವರ್ಷವಿದ್ದಾಗ ಇದನ್ನು ನೋಡಿ ಅಳು ಬಂದಿತ್ತು. "ನನ್ನ ಹಾಸಿಗಿ ಎತ್ತು ತಿಂದು" ಎಂದು ಆಯಿಯ ಸೆರಗು ಹಿಡಿದೆ. "ಅವು ತಿಂದ್ರ ತಂಗಿ ನೀ ಊರು ಮುಟ್ಟೂದು" ಅಂದಳು. ದಾರಿಗೆ ಎಷ್ಟು ಬೇಕೋ ಅಷ್ಟನ್ನೇ ಹೇರಿಕೊಂಡು, ಅದರ ಮೇಲೆ ಮಲಗಿ, ಅದನ್ನೇ ಉಣಿಸುತ್ತ ಹೋಗುವ ಈ ಉಪಾಯವನ್ನು ಮೊದಲು ಯಾರು ಹೂಡಿದರೋ, ಅವರಿಗೆ ಕೈಮುಗಿಯಬೇಕು.

ಎತ್ತಿನ ಮಾತು ಬಂತು. ನಮ್ಮದು ಎರಿಭೂಮಿ, ಮಳೆ ಬಿದ್ದರೆ ಕಾಲು ಕಚ್ಚುವ ಮಣ್ಣು. ಈ ಮಣ್ಣಿಗೆಂದೇ ಬೆಳೆದ ತಳಿಯೊಂದಿದೆ, ಕೃಷ್ಣಾ ಕಣಿವೆಯದು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹರಿಯುವ ಸೀಮೆಯೇ ಅದರ ತವರು. ಆಳೆತ್ತರ, ಇಳಿಬಿದ್ದ ಗಂಗೆದೊಗಲು, ಅವಸರವಿಲ್ಲದ ನಡಿಗೆ. ನಮ್ಮ ಅಜ್ಜನ ಕಾಲದ ಜೋಡಿ ಅಂಥದ್ದಿತ್ತೆಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ಈಗ ಆ ತಳಿಯ ಜೋಡಿ ಕಾಣುವುದೇ ಅಪರೂಪ, ದಾರಿಯ ಮೇಲೆ ನಡೆಯುವುದು ಹೆಚ್ಚಾಗಿ ಖಿಲಾರಿಯೇ. ಈ ಸಲ ನಮ್ಮ ಚಕ್ಕಡಿಗೂ ಖಿಲಾರಿ ಜೋಡಿ. ಮೈದುನ ಆಗಲೇ ಅವಕ್ಕೆ ಹಿಂಡಿಯ ಅಳತೆ ಹೆಚ್ಚಿಸಿದ್ದಾನೆ, ಗಾಲಿಗೆ ಕೀಲೆಣ್ಣೆ ಹಾಕಿದ್ದಾನೆ. ಕೊರಳ ಗೆಜ್ಜೆಸರವನ್ನು ಮಕ್ಕಳು ಹುಣಸೆಹಣ್ಣು ಹಚ್ಚಿ ಉಜ್ಜಿದ್ದಾರೆ. ಎರಡು ಸರ ಉಜ್ಜಲು ಒಂಬತ್ತು ಮಕ್ಕಳಲ್ಲಿ ಎಂಟು ಮಂದಿ ಕೂತಿದ್ದರು, ಒಂಬತ್ತನೆಯದು ಹುಣಸೆಹಣ್ಣು ತಿನ್ನುತ್ತಿತ್ತು.

ಟ್ರ್ಯಾಕ್ಟರಿನ ಮಾತೂ ಎದ್ದಿತ್ತು. ಈಗ ಗುಡ್ಡಕ್ಕೆ ಹೋಗುವವರಲ್ಲಿ ಟ್ರ್ಯಾಕ್ಟರಿನವರೇ ಬಹಳ. ಟ್ರೇಲಿಗೆ ಬಿದಿರ ಬಾಗಿಸಿ, ತಾಡಪತ್ರಿ ಹೊದಿಸಿ, ಇಡೀ ಓಣಿಯನ್ನೇ ತುಂಬಿಕೊಂಡು ಹೋಗುತ್ತಾರೆ. ಇದೊಂದರಲ್ಲಿ ನಾನು ಜಗ್ಗಲಿಲ್ಲ. ಟ್ರೇಲಿ ಕಬ್ಬು ಹೇರಲಿಕ್ಕೆ, ಗೊಬ್ಬರ ಹೇರಲಿಕ್ಕೆ ಮಾಡಿದ್ದು. ಮನುಷ್ಯರನ್ನು ಹೇರಲಿಕ್ಕೆ ಮಾಡಿದ್ದಲ್ಲ. ಹಿಡಿದುಕೊಳ್ಳಲು ಒಂದು ಹಿಡಿಕೆಯಿಲ್ಲ, ತಿರುವಿನಲ್ಲಿ ಮಗುಚಿದರೆ ಅದಕ್ಕೆ ಮಕ್ಕಳು, ಮುದುಕರು ಎಂಬ ಭೇದವಿಲ್ಲ. ಸಾಮಾನು ಬೇಕಾದರೆ ಅದರಲ್ಲಿ ಹೋಗಲಿ, ಕಟಗಿ ಹೋಗಲಿ, ನೀರಿನ ಡ್ರಮ್ಮು ಹೋಗಲಿ. ಮಕ್ಕಳು ಚಕ್ಕಡಿಯಲ್ಲಿ. ಚಕ್ಕಡಿಗೆ ಸಾಕಾದವರು ಬಸ್ಸಿನಲ್ಲಿ. ದೊಡ್ಡ ರಸ್ತೆಯಲ್ಲಿ ಕತ್ತಲಾದ ಮೇಲೆ ಚಕ್ಕಡಿಯೂ ನಡೆಯಬಾರದು, ಹಿಂದೆ ಹೊಳೆಯುವ ಕೆಂಪು ಪಟ್ಟಿ ಬಡಿದಿರಬೇಕು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಮುನವಳ್ಳಿಯ ಹತ್ತಿರ ಬೀಗರ ಹೊಲವಿದೆ, ಬಾವಿ ಇದೆ, ಮೊದಲ ರಾತ್ರಿ ಅಲ್ಲಿ ಕೊಳ್ಳು ಹರಿಯುವುದು ಎಂದು ನಿಶ್ಚಯವಾಯಿತು.

ಇನ್ನು ಬುತ್ತಿ. ಇಲ್ಲಿ ಸ್ವಲ್ಪ ಕೂತುಕೊಳ್ಳೋಣ, ಅವಸರ ಮಾಡಿ ಹೇಳುವ ವಿಷಯವಲ್ಲ ಇದು.

ಬುತ್ತಿಯ ಯಜಮಾನಿಕೆ ರಾಮದುರ್ಗದ ನಮ್ಮ ವೈನಿಯದು. ಗೊಡಚಿಯ ವೀರಭದ್ರನ ಜಾತ್ರೆ ನೋಡುತ್ತ ಬೆಳೆದವಳು, ಜಾತ್ರೆಯ ಬುತ್ತಿ ಕಟ್ಟುವುದು ಅವಳಿಗೆ ಕೈಗೆ ಬಂದ ವಿದ್ಯೆ. ಕಟಕ ರೊಟ್ಟಿಯನ್ನು ಎಲ್ಲರೂ ಮಾಡುತ್ತಾರೆ. ಆದರೆ ಅದು ಕುಲುಕುವ ಚಕ್ಕಡಿಯಲ್ಲಿ ಎರಡು ದಿನ ಪುಡಿಯಾಗದೆ ಉಳಿಯಬೇಕಲ್ಲ? ವೈನಿ ರೊಟ್ಟಿ ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಸುತ್ತ ಗೋಡೆ ಕಟ್ಟಿದಂತೆ ನಿಲ್ಲಿಸಿ ಕಟಕ ಮಾಡುತ್ತಾಳೆ. ಆರಿದ ಮೇಲೆ ಒಂದರ ಮೇಲೊಂದು ಪೇರಿಸಿ, ಹಳೆಯ ಧೋತರದಲ್ಲಿ ಬಿಗಿಯಾಗಿ ಸುತ್ತಿ, ಬುಟ್ಟಿಯಲ್ಲಿ ಅಲುಗಾಡದಂತೆ ಸುತ್ತಲೂ ಬಟ್ಟೆ ತುರುಕುತ್ತಾಳೆ. "ರೊಟ್ಟಿ ಒಡೆಯೂದು ಭಾರಕ್ಕಲ್ರಿ, ಜಾಗಾ ಸಿಕ್ಕು ಅಳ್ಳಾಡಿದ್ರ ಒಡೀತೈತಿ" ಎನ್ನುತ್ತಾಳೆ. ಕಟಕ ರೊಟ್ಟಿಯ ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ನಂಜಿಕೊಳ್ಳಲು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ನೀರು ತಾಗದ ಪುಡಿ ಚಟ್ನಿಗಳು, ದಿನ ಎಷ್ಟಾದರೂ ಕೆಡುವುದಿಲ್ಲ. ಖಾರದ್ದೆಲ್ಲ ಕೆಂಪು ಮುಚ್ಚಳದ ಡಬ್ಬಿಗೆ, ಮಕ್ಕಳದ್ದು ಬಿಳಿ ಮುಚ್ಚಳಕ್ಕೆ. ಕತ್ತಲಲ್ಲಿ ಡಬ್ಬಿ ತಪ್ಪಿದರೆ ಮಕ್ಕಳ ಬಾಯಿ ಉರಿಯುವುದು ಯಾರಿಗೆ ಬೇಕು?

ಹಲ್ಲು ಬಂದವರಿಗೆ ಕಟಕ ರೊಟ್ಟಿ ಸರಿ. ಹಲ್ಲು ಉದುರಿದ ಏಳು ವರ್ಷದವರಿಗೆ? ಹಲ್ಲೇ ಬರದ ಹತ್ತು ತಿಂಗಳಿನದಕ್ಕೆ? ಅದಕ್ಕಾಗಿ ಹಂಚು ಬೇಕೇ ಬೇಕು ಎಂದು ನಾನು ಹಟ ಹಿಡಿದೆ. ಹಂಚಿದ್ದರೆ ಬಿಸಿ ರೊಟ್ಟಿಯಾಗುತ್ತದೆ. ಬಿಸಿ ರೊಟ್ಟಿ ಇದ್ದರೆ ಮುಟಗಿಯಾಗುತ್ತದೆ. ದಪ್ಪ ರೊಟ್ಟಿ ಬಡಿದು, ಒಲೆಯಿಂದ ತೆಗೆದ ಕೂಡಲೇ ಉಪ್ಪು, ಬೆಳ್ಳುಳ್ಳಿ ಹಾಕಿ ಕುಟ್ಟಿ, ತುಪ್ಪ ಬಿಟ್ಟು ಮುದ್ದೆ ಹಿಸುಕಿ ಕೊಟ್ಟರೆ ಬೇಡ ಎನ್ನುವ ಮಗುವನ್ನು ನಾನಿನ್ನೂ ಕಂಡಿಲ್ಲ. ತೀರ ಸಣ್ಣದಕ್ಕೆ ಹೆಸರುಬೇಳೆ ಹಾಕಿ ಮೆತ್ತಗೆ ಕುದಿಸಿದ ಅನ್ನ, ಪ್ರತಿ ಹೊತ್ತಿಗೂ ಹೊಸದಾಗಿ. ಬೆಳಿಗ್ಗೆ ಮಾಡಿದ್ದನ್ನು ಸಂಜೆಗೆ ಬಿಸಿ ಮಾಡಿ ಕೊಡುವುದು ಮನೆಯಲ್ಲೂ ಬೇಡ, ಬಯಲಲ್ಲಂತೂ ಬೇಡವೇ ಬೇಡ.

ಸಿಹಿಗೆ ಮಾದಲಿ. ಮದುವೆ, ಜಾತ್ರೆಗಳಲ್ಲಿ ಈ ಸೀಮೆಯಲ್ಲಿ ಮಾದಲಿ ಇಲ್ಲದಿದ್ದರೆ ಹೇಗೆ? ಗೋಧಿಯ ಜೊತೆ ಕಡಲೆಬೇಳೆ, ಅಕ್ಕಿ ತರಿಯಾಗಿ ಬೀಸಿ, ರೊಟ್ಟಿ ಮಾಡಿ, ಅದನ್ನು ಮತ್ತೆ ಕುಟ್ಟಿ ಪುಡಿ ಮಾಡಿ, ಬೆಲ್ಲ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸುತ್ತಾರೆ. ಹಾಲು, ತುಪ್ಪ ಹಾಕಿಕೊಂಡರೆ ಊಟ. ಹಾಗೆಯೇ ಮುಕ್ಕಿದರೆ ದಾರಿಯ ತಿಂಡಿ. ಕೆಡುವ ಭಯವಿಲ್ಲ. ಹೋಳಿಗೆ, ಕಡುಬು ಗುಡ್ಡದ ಮೇಲೆಯೇ ಆಗಬೇಕು. ಬಿಡಾರದಲ್ಲಿ ಬಿಸಿಯಾಗಿ ಮಾಡಿ, ಪಡ್ಲಗಿ ತುಂಬಿ, ದೇವಿಗೆ ತೋರಿಸಿ ಉಣ್ಣುವುದು ಪದ್ಧತಿ. ಹುಣ್ಣಿಮೆಯ ದಿನ ಗುಡ್ಡದ ಇಳಿಜಾರಿನಲ್ಲಿ ಸಾವಿರಾರು ಒಲೆಗಳ ಹೊಗೆ ಏಳುತ್ತದೆ. ಪ್ರತಿ ಒಲೆಯ ಮೇಲೂ ಬೇಳೆ ಬೇಯುತ್ತಿರುತ್ತದೆ. ಮಹಾರಾಷ್ಟ್ರದಿಂದ ಬಂದ ಬಿಡಾರದವರು ಪೂರಣಪೋಳಿ ಎನ್ನುತ್ತಾರೆ, ನಾವು ಹೋಳಿಗೆ ಎನ್ನುತ್ತೇವೆ. ಮಕ್ಕಳು ಎರಡೂ ಬಿಡಾರದಲ್ಲಿ ತಿಂದು ಬರುತ್ತವೆ.

ಒಲೆಯ ಕಲ್ಲು ನಮ್ಮ ಪಟ್ಟಿಯಲ್ಲಿಲ್ಲ. ಗುಡ್ಡದಲ್ಲಿ ಕಲ್ಲಿಗೆ ಬರವೇ? ಹಿಂದಿನ ಹುಣ್ಣಿಮೆಗೆ ಬಂದವರು ಹೂಡಿದ ಮೂರು ಕಲ್ಲು ಮಸಿ ಹಿಡಿದು ಅಲ್ಲೇ ಇರುತ್ತವೆ. ಯಾರು ಎಂದು ಗೊತ್ತಿಲ್ಲದವರ ಒಲೆಯ ಮೇಲೆ ನಮ್ಮ ಪಾತ್ರೆ. ನಾವು ಎದ್ದು ಬಂದ ಮೇಲೆ ನಮ್ಮ ಒಲೆಯ ಮೇಲೆ ಇನ್ನಾರದೋ. ಇದನ್ನೆಲ್ಲ ನಾನು ಮಕ್ಕಳ ಮುಂದೆ ಒಂದು ಸಂಜೆ ಬಣ್ಣಿಸಿ ಹೇಳಿದೆ.

ನೀರಿನ ಮಾತು ಹೇಳದಿದ್ದರೆ ಯಲ್ಲಮ್ಮನ ಗುಡ್ಡದ ಮಾತೇ ಪೂರ್ತಿಯಾಗದು. ರೇಣುಕೆಯ ಕಥೆಯೇ ನೀರಿನ ಕಥೆಯಲ್ಲವೇ? ದಿನಾ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ಹಸಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸುತ್ತಿ ಸಿಂಬಿ ಮಾಡಿಕೊಂಡು ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳಂತೆ. ಚಿತ್ತ ಒಂದು ಗಳಿಗೆ ಕದಲಿದ್ದಕ್ಕೆ ಕೊಡ ನಿಲ್ಲಲಿಲ್ಲ. ಈ ಕಥೆ ಕೇಳಿದ ಎಂಟು ವರ್ಷದವಳು ಕೇಳಿದಳು: "ದೊಡ್ಡವ್ವಾ, ಆಕಿ ಮಗ್ಗಲ ಮನಿಯಿಂದ ಒಂದ ಕೊಡ ಇಸಗೊಳ್ಳಾಕ ಬರ್ತಿರ್ಲಿಲ್ಲೇನ?" ಉತ್ತರ ಹೊಳೆಯಲಿಲ್ಲ. ಹೊತ್ತು ತರುವ ಹೆಣ್ಣುಮಗಳ ಸಂಕಟ ಅವಳಿಗೆ ಮೊದಲು ಕಂಡಿತು, ನಮಗೆಲ್ಲ ಪವಾಡ ಮೊದಲು ಕಾಣುತ್ತದೆ. ಅದೇ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ, ನಿಂತ ನೀರಿಗೆ ರೇಣುಕಾಸಾಗರ ಎಂದು ಹೆಸರಿಟ್ಟಿದ್ದಾರೆ. ಕೊಡ ನಿಲ್ಲದೆ ಹೋದವಳ ಹೆಸರಿನಲ್ಲಿ ಇಷ್ಟು ನೀರು ನಿಂತಿದೆಯಲ್ಲ ಎಂದು ಆ ದಾರಿಯಲ್ಲಿ ಹೋದಾಗೆಲ್ಲ ನನಗೆ ಅನಿಸುತ್ತದೆ.

ದೊಡ್ಡ ಬಿಡಾರ ಹೂಡುವವರಿಗೆಲ್ಲ ನೀರೇ ಮೊದಲ ಚಿಂತೆ. ನಮ್ಮ ಜಿಲ್ಲೆ ಕಂಡ ಬಿಡಾರಗಳಲ್ಲಿ ಹೆಸರಾದದ್ದು 1924ರ ಡಿಸೆಂಬರಿನದು, ಬೆಳಗಾವಿಯ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದೇ ಅಧಿವೇಶನಕ್ಕೆ. ಟಿಳಕವಾಡಿಯ ಬಯಲಿನಲ್ಲಿ ಡೇರೆಗಳ ಊರನ್ನೇ ಎಬ್ಬಿಸಿ ವಿಜಯನಗರ ಎಂದು ಕರೆದರು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನ, ಡಾ. ನಾ. ಸು. ಹರ್ಡೀಕರರ ಸೇವಾದಳದವರ ದುಡಿಮೆ. ಅಷ್ಟು ಜನಕ್ಕೆ ನೀರೆಲ್ಲಿಂದ? ಬಾವಿ ತೋಡಿದರು, ಪಂಪಾ ಸರೋವರ ಎಂದು ಹೆಸರಿಟ್ಟರು. ಡೇರೆ ಕಿತ್ತು ನೂರು ವರ್ಷವಾಯಿತು, ಬಾವಿ ಇನ್ನೂ ಇದೆ. ಕಾಂಗ್ರೆಸ್ ಬಾವಿ ಎಂದರೆ ಬೆಳಗಾವಿಯಲ್ಲಿ ಯಾರಾದರೂ ದಾರಿ ತೋರಿಸುತ್ತಾರೆ.

ನಾವೇನು ಬಾವಿ ತೋಡುವುದಿಲ್ಲ. ಕುಡಿಯುವ ನೀರು ಕುದಿಸಿ, ಆರಿಸಿ, ನಲ್ಲಿಯಿರುವ ಎರಡು ಕ್ಯಾನುಗಳಲ್ಲಿ ಬೇರೆ. ತೊಳೆಯುವ, ಬಳಿಯುವ ನೀರು ಡ್ರಮ್ಮಿನಲ್ಲಿ ಬೇರೆ. ಕ್ಯಾನಿಗೆ ಯಾರೂ ಚರಗಿ ಅದ್ದುವ ಹಾಗಿಲ್ಲ. ಜಾತ್ರೆಯ ಕಾಲದಲ್ಲಿ ಮಕ್ಕಳನ್ನು ಮೊದಲು ಹಿಡಿಯುವುದೇ ಹೊಟ್ಟೆಯ ಬೇನೆ. ಓಆರೆಸ್ ಪಾಕೀಟುಗಳನ್ನು ಒಂದು ಡಜನ್ ತರಿಸಿಟ್ಟಿದ್ದೇನೆ. ಪಾಕೀಟಿನ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟಕ್ಕೇ ಕದಡಬೇಕು, ಲೀಟರಿನದಾದರೆ ಪೂರ್ತಿ ಲೀಟರಿಗೆ. ಅರ್ಧ ಪಾಕೀಟು ಅರ್ಧ ಲೋಟ ಎಂದು ಕಣ್ಣಳತೆಯಲ್ಲಿ ಮಾಡಬಾರದು. ಕದಡಿದ್ದನ್ನು ಒಂದು ದಿನದ ಮೇಲೆ ಇಡಬಾರದು. ಇದನ್ನು ನಾಲ್ಕೂ ಮನೆಯ ತಾಯಂದಿರಿಗೆ, ಅವರಿಗಿಂತ ಮುಖ್ಯವಾಗಿ ನಾಲ್ಕೂ ಮನೆಯ ತಂದೆಯಂದಿರಿಗೆ ಹೇಳಿಕೊಟ್ಟಿದ್ದೇನೆ.

ಬಯಲಿಗೆ ಹೋಗುವ ಕಷ್ಟವನ್ನು ಹಿಂದೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೆಂಗಸರು ಕತ್ತಲಾಗುವ ತನಕ ತಡೆದುಕೊಂಡು ಕೂರುತ್ತಿದ್ದರು. ನಾಲ್ಕು ಕೋಲು, ಎರಡು ಹಳೆಯ ಸೀರೆ, ಒಂದು ಸಲಿಕೆ, ಒಂದು ಬ್ಯಾಟರಿ ಈ ಸಲದ ಪಟ್ಟಿಯಲ್ಲಿ ಮೇಲೆಯೇ ಇವೆ. ಚೇಳಿಗೆ: ಬೆಳಿಗ್ಗೆ ಚಪ್ಪಲಿ ಝಾಡಿಸದೆ ಕಾಲಿಡಬಾರದು, ಕೌದಿ ಝಾಡಿಸದೆ ಮಡಚಬಾರದು. ಒಲೆಯ ಕಲ್ಲನ್ನು ಬರಿಗೈಯಲ್ಲಿ ಎತ್ತುವುದು ಮಕ್ಕಳ ಕೆಲಸವಲ್ಲ. ಇಷ್ಟು ಸಾಕು.

ಮಕ್ಕಳು ಕಳೆದುಹೋಗುವ ಭಯ ಮಾತ್ರ ಇಷ್ಟು ಬೇಗ ಮುಗಿಯುವಂಥದ್ದಲ್ಲ. ಆ ಜನಸಾಗರ, ಆ ಭಂಡಾರದ ಹಳದಿ, "ಉಧೋ ಉಧೋ" ಎಂಬ ಕೂಗು, ಅದರ ನಡುವೆ ಒಂದು ಪುಟ್ಟ ಕೈ ಜಾರಿತೆಂದರೆ? ನಮ್ಮ ಆಯಿ ಇದಕ್ಕೊಂದು ಉಪಾಯ ಮಾಡಿದ್ದಳು. ಜಾತ್ರೆಗೆ ಹೋಗುವ ಮಕ್ಕಳಿಗೆಲ್ಲ ಒಂದೇ ಥಾನಿನ ಬಟ್ಟೆ ಹೊಲಿಸುತ್ತಿದ್ದಳು. ಹುಡುಗಿಯರಿಗೆ ಪರಕಾರ, ಹುಡುಗರಿಗೆ ಅಂಗಿ, ಎಲ್ಲ ಅದೇ ಹಸಿರು ಚೌಕಡಿ. ಯಾರನ್ನಾದರೂ ಹುಡುಕಬೇಕಾದರೆ ಇನ್ನೊಬ್ಬರನ್ನು ಎತ್ತಿ ತೋರಿಸಿ "ಇಂಥಾ ಅರಬಿಯ ಹುಡುಗನ್ನ ಕಂಡ್ರೇನ್ರಿ" ಎಂದು ಕೇಳಿದರೆ ಆಯಿತು. ಮಿಕ್ಕ ಬಟ್ಟೆಯನ್ನು ಚಕ್ಕಡಿಯ ಮೂಕಿಗೆ ಕಟ್ಟುತ್ತಿದ್ದಳು, ನಮ್ಮ ಚಕ್ಕಡಿ ನಮಗೆ ಗುರುತು ಸಿಗಲೆಂದು. ಒಂದು ಸಲ ನನ್ನ ತಮ್ಮ ಜೋಗುಳಬಾವಿಯ ಹತ್ತಿರ ಜಳಕದ ಗದ್ದಲದಲ್ಲಿ ತಪ್ಪಿಸಿಕೊಂಡ. ಅವನಿಗೆ ನಾಲ್ಕು ವರ್ಷ. ಒಂದು ತಾಸಿನ ಮೇಲೆ ನೋಡಿದರೆ ಯಾವುದೋ ಊರಿನ ಬಳೆಗಾರನ ಪಕ್ಕದಲ್ಲಿ ಕೂತಿದ್ದಾನೆ. ಆ ಪುಣ್ಯಾತ್ಮ ವ್ಯಾಪಾರ ಬಿಟ್ಟು, ದಾರಿಯಲ್ಲಿ ಹೋಗುವ ಮಕ್ಕಳ ಅಂಗಿಯನ್ನೆಲ್ಲ ನೋಡುತ್ತ ಕೂತಿದ್ದನಂತೆ. ಹಸಿರು ಚೌಕಡಿಯ ನನ್ನನ್ನು ಕಂಡೊಡನೆ ಕೂಗಿದ. ನಮ್ಮವ್ವ ಅವನ ಕಾಲು ಮುಟ್ಟಲು ಹೋದಳು, ಅವನು ಹಿಂದೆ ಸರಿದು ಅವಳ ಕೈಗೆ ಒಂದು ಡಜನ್ ಬಳೆ ಇಡಿಸಿ ಕಳಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ಮಕ್ಕಳ ಮುಂಗೈ ಮೇಲೆ ಮೊಬೈಲು ನಂಬರು ಬರೆಯುತ್ತಾರೆ. ಒಳ್ಳೆಯದು, ನಾವೂ ಬರೆಯುತ್ತೇವೆ. ಒಂದಲ್ಲ, ಎರಡು ನಂಬರು, ಗುಡ್ಡದ ಜಂಗುಳಿಯಲ್ಲಿ ಒಂದು ಹತ್ತದಿದ್ದರೆ ಇನ್ನೊಂದು. ಆದರೆ ಥಾನನ್ನೂ ತಂದಿದ್ದೇನೆ. ಬೈಲಹೊಂಗಲದ ಪೇಟೆಯಲ್ಲಿ ಮೂರು ಅಂಗಡಿ ತಿರುಗಿದೆ, ಹಸಿರು ಚೌಕಡಿ ಸಿಗಲಿಲ್ಲ, ಕಿತ್ತಳೆ ಬಣ್ಣದ್ದು ಸಿಕ್ಕಿತು. ಒಂಬತ್ತು ಅಳತೆ ಕೊಟ್ಟು ಬಂದಾಯಿತು. ಮಕ್ಕಳಿಗೆ ಹೇಳಿದ್ದು ಒಂದೇ ಮಾತು: ತಪ್ಪಿಸಿಕೊಂಡರೆ ಹುಡುಕುತ್ತ ಹೋಗಬೇಡಿ, ನಿಂತಲ್ಲೇ ನಿಲ್ಲಿ, ನಾವು ಬರುತ್ತೇವೆ. ಐದು ವರ್ಷದವನು ಇದನ್ನು ದಿನಾ ಒಂದು ಸಲ ಹಿತ್ತಲಲ್ಲಿ ನಿಂತು ಅಭ್ಯಾಸ ಮಾಡುತ್ತಾನೆ. ಯಾರಾದರೂ ಹೋಗಿ ಕರೆದುಕೊಂಡು ಬರಬೇಕು.

ಅಭ್ಯಾಸ ಎಂದಾಗ ನೆನಪಾಯಿತು. ಮನೆಯ ಹೊರಗೆ ಮಲಗಿ ಗೊತ್ತಿಲ್ಲದ ಮಕ್ಕಳನ್ನು ಒಮ್ಮೆಲೇ ಬಯಲಿಗೆ ಒಯ್ಯಬಾರದು ಎಂದು, ಕಳೆದ ಶನಿವಾರ ಎಲ್ಲರನ್ನೂ ನಮ್ಮ ಮಾಳಿಗೆಯ ಮೇಲೆ ಮಲಗಿಸಿದೆವು. ಈ ಕಡೆಯ ಹಳೆಯ ಮನೆಗಳ ಮಣ್ಣಿನ ಮಾಳಿಗೆ ನಿಮಗೆ ಗೊತ್ತಲ್ಲ, ಹಗಲೆಲ್ಲ ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಗುವ ಜಾಗ. ಮಾಘದ ಚಳಿ ನಡುರಾತ್ರಿಯ ಮೇಲೆ ಕಚ್ಚುತ್ತದೆ. ಹಗಲಿನ ಬಿಸಿಲು ನೋಡಿ ತೆಳ್ಳನೆಯ ಹೊದಿಕೆ ಕಟ್ಟಿದವರು ನಸುಕಿಗೆ ಪಶ್ಚಾತ್ತಾಪ ಪಡುತ್ತಾರೆ. ಆ ರಾತ್ರಿಯೇ ಗೊತ್ತಾಯಿತು, ತಲೆಗೊಂದರಂತೆ ಕೌದಿ ಸಾಲದು, ಇನ್ನೂ ನಾಲ್ಕು ಬೇಕು ಎಂದು. ಒಂದು ಕೌದಿಯಲ್ಲಿ ಆಯಿಯ ಇಳಕಲ್ಲ ಸೀರೆಯ ಸೆರಗಿನ ತುಂಡಿದೆ. ಅದನ್ನು ಸಣ್ಣದಕ್ಕೆ ಎತ್ತಿಟ್ಟಿದ್ದೇನೆ.

ಮಾಳಿಗೆಯ ಮೇಲೆ ನಿದ್ದೆ ಯಾರಿಗೆ ಬೇಕಾಗಿತ್ತು? ಕಿತ್ತೂರಿನಿಂದ ಬಂದ ನಾದಿನಿಯ ಮಗ ಧ್ರುವ ನಕ್ಷತ್ರ ತೋರಿಸುತ್ತೇನೆ ಎಂದು ಎದ್ದು ಕೂತ. ಅವನೂರಿನ ಕೋಟೆಯಲ್ಲಿ, ಪಾಳುಬಿದ್ದ ಅರಮನೆಯ ಗೋಡೆಯಲ್ಲಿ, ಧ್ರುವ ನಕ್ಷತ್ರ ನೋಡಲೆಂದೇ ಮಾಡಿದ ಕಿಂಡಿಯೊಂದನ್ನು ತೋರಿಸುತ್ತಾರೆ. ಅದರಲ್ಲಿ ಕಣ್ಣಿಟ್ಟು ಬಂದವನು ಅವನು. ಇಲ್ಲಿ ಕಿಂಡಿಯಿಲ್ಲವಲ್ಲ? ಉತ್ತರಕ್ಕೆ ಮುಖಮಾಡಿ ಕೈ ಚಾಚಿ ಮುಷ್ಟಿ ಹಿಡಿ, ದಿಗಂತದ ಮೇಲೆ ಒಂದೂವರೆ ಮುಷ್ಟಿ ಅಳೆ ಎಂದು ಹೇಳಿಕೊಟ್ಟೆ. ಚಾಚಿದ ಕೈಯ ಮುಷ್ಟಿ ಹತ್ತು ಅಂಶದಷ್ಟು, ನಮ್ಮ ಊರು ಇರುವುದು ಸುಮಾರು 16ನೆಯ ಅಕ್ಷಾಂಶದ ಹತ್ತಿರ, ಧ್ರುವ ಕಾಣುವುದೂ ಅಷ್ಟೇ ಎತ್ತರದಲ್ಲಿ. ಎಂಟು ಮುಷ್ಟಿಗಳು ಕತ್ತಲಲ್ಲಿ ಎದ್ದವು. ಆಮೇಲೆ ರಾಣಿ ಚನ್ನಮ್ಮನ ಕಥೆ ಆಗಲೇಬೇಕಾಯಿತು. 1824ರ ಅಕ್ಟೋಬರ್ 23, ಕೋಟೆಯ ಬಾಗಿಲು ತೆರೆದದ್ದು, ಥ್ಯಾಕರೆ ಬಿದ್ದದ್ದು. ಆಮೇಲೆ ಸೆರೆ, ಇದೇ ಬೈಲಹೊಂಗಲದ ಕೋಟೆ, 1829ರ ಫೆಬ್ರುವರಿ 2. "ಅಂದ್ರ ಆಕಿ ನಮ್ಮೂರಾಗ ಇದ್ಲಾ? ಸೆರಿಯೊಳಗಿಂದ ಚುಕ್ಕಿ ಕಾಣತಿತ್ತಾ?" ಎಂದು ಹನ್ನೊಂದು ವರ್ಷದವಳು ಕೇಳಿದಳು. ಬೆಳವಡಿ ಮಲ್ಲಮ್ಮನ ಹೆಂಗಸರ ಪಡೆಯ ಕಥೆ ಶುರುಮಾಡುವಷ್ಟರಲ್ಲಿ ಅರ್ಧ ಪಡೆ ನಿದ್ದೆಹೋಗಿತ್ತು. ಅದು ಮುನವಳ್ಳಿಯ ಹೊಲದ ರಾತ್ರಿಗೆ ಇರಲಿ.

ಜಾತ್ರೆಗಳು ಹುಣ್ಣಿಮೆಗೇ ಯಾಕೆ ಬರುತ್ತವೆ? ಶಾಸ್ತ್ರದ ಕಾರಣ ಶಾಸ್ತ್ರದವರಿಗೆ ಇರಲಿ. ಬಯಲಲ್ಲಿ ಮಲಗುವ ಮಕ್ಕಳ ತಾಯಿಯಾಗಿ ನನಗೆ ಕಾಣುವ ಕಾರಣ ಬೆಳದಿಂಗಳು. ಕಂದೀಲು ಹಚ್ಚದೆಯೇ ಯಾರು ಎಲ್ಲಿ ಮಲಗಿದ್ದಾರೆ ಎಂದು ಎಣಿಸಬಹುದು.

ಈಗ ಗಂಟಿನ ಮಾತು. ಆಯಿ ನಮಗೆಲ್ಲ ಒಂದೊಂದು ಚೌಕ ಬಟ್ಟೆ ಕೊಡುತ್ತಿದ್ದಳು. "ನಿನ್ನ ಗಂಟು ನೀನ ಕಟ್ಟು, ನೀನ ಹೊರು" ಎಂದು. ಒಳಗೆ ಏನಿರಬೇಕು ಎಂದು ಅವಳು ಕೇಳಿದ್ದಿಲ್ಲ, ಬಿಚ್ಚಿ ನೋಡಿದ್ದಿಲ್ಲ. ನನ್ನದರಲ್ಲಿ ಗಜ್ಜುಗ, ಒಂದು ಮುರಿದ ಹಣಿಗೆ, ಬೆಲ್ಲದ ಉಂಡೆ. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಇಪ್ಪತ್ತರಷ್ಟು ಹುಡುಗರನ್ನು ಕರೆದುಕೊಂಡು ಹೋಗಿ ಡೇರೆ ಹೂಡಿದ, ಅಲ್ಲಿಂದಲೇ ಸ್ಕೌಟು ಬೆಳೆಯಿತು ಎಂದು ಶಾಲೆಯಲ್ಲಿ ಕಲಿತಾಗ ಅವರ ಕೊರಳ ಬಟ್ಟೆಯ ಬಗ್ಗೆ ನನಗೆ ಬಹಳ ಪ್ರೀತಿ ಹುಟ್ಟಿತು. ಅದೂ ಚೌಕವೇ, ಮೂಲೆಗೆ ಮೂಲೆ ಮಡಚಿದರೆ ಗಾಯಕ್ಕೆ ಪಟ್ಟಿ, ಮುರಿದ ಕೈಗೆ ಜೋಳಿಗೆ. ಆಯಿ ಸ್ಕೌಟನ್ನು ಕಂಡವಳಲ್ಲ, ಆದರೂ ಚೌಕ ಬಟ್ಟೆಯ ಬೆಲೆ ಅವಳಿಗೆ ಗೊತ್ತಿತ್ತು.

ವೈನಿಯ ಊರಿನ ಕಡೆ, ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂದು ಅಲ್ಲಿಯ ನಂಬಿಕೆ. ಒಂದು ಭೇಟಿಗಾಗಿ ಇಡೀ ಆಯುಷ್ಯ ಸಜ್ಜಾಗುತ್ತ ಕೂತವಳು. ಬಾರಿಹಣ್ಣು ಆರಿಸಿ, ಹುಳಿಯೋ ಸಿಹಿಯೋ ಎಂದು ಒಂದೊಂದನ್ನೂ ಕಚ್ಚಿ ನೋಡಿ ಎತ್ತಿಟ್ಟವಳು. ರಾಮ ಬಂದು ತಿಂದು ಹೋದದ್ದು ಎಷ್ಟು ಹೊತ್ತು? ಅವಳು ಆರಿಸಿದ್ದು ಎಷ್ಟು ಬೆಳಗು? ಅಟ್ಟದ ಮೇಲೆ ಸಾಲಾಗಿ ಇಟ್ಟ ಡಬ್ಬಿ, ಬುಟ್ಟಿ, ಕೌದಿಗಳನ್ನು ನೋಡುವಾಗ ಈಚೆಗೆ ಅವಳು ನೆನಪಾಗುತ್ತಾಳೆ.

ನಿನ್ನೆ ನಾನೂ ಒಂಬತ್ತು ಚೌಕ ಹರಿದು ಹಂಚಿದೆ, ಕಿತ್ತಳೆ ಥಾನಿನ ಮಿಕ್ಕ ಬಟ್ಟೆಯದೇ. ಆಯಿಯ ಹಾಗೆಯೇ ಹೇಳಿದೆ. ಬಿಚ್ಚಿ ನೋಡಬಾರದು ಎಂದೂ ನಿಶ್ಚಯಿಸಿದ್ದೆ. ಇವತ್ತು ಬೆಳಿಗ್ಗೆ ಐದು ವರ್ಷದವನು ತನ್ನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಪಡಸಾಲೆಯ ಉದ್ದಕ್ಕೂ ಎಳೆಯುತ್ತ ಬಂದ. ಗಂಟು ನೆಲಕ್ಕೆ ಬಡಿದು ಸದ್ದು ಮಾಡುತ್ತಿತ್ತು.

"ಏನೋ ಅದು, ಇಷ್ಟ ವಜ್ಜಾ?"

"ಕಲ್ಲು."

"ಯಾಕೋ ರಾಜಾ?"

"ಮತ್ತ ಅಲ್ಲೆ ಭಾಳ ಮಂದಿ ಬರ್ತಾರಂತ ನೀನ ಹೇಳಿದಿ. ಎಲ್ಲಾ ಕಲ್ಲು ಅವರ ತಗೊಂಡಿದ್ರ? ನಮ್ಮ ಒಲಿಗೆ?"

ಗಂಟು ಬಿಚ್ಚಿದ. ಮೂರೇ ಕಲ್ಲು. ಹಿತ್ತಲ ನೀರಿನಲ್ಲಿ ತೊಳೆದು ತಂದಿದ್ದ, ಇನ್ನೂ ಹಸಿಯಾಗಿದ್ದವು. ಇಬ್ಬರೂ ಕೂತು ನೆಲದ ಮೇಲೆ ಹೂಡಿ ನೋಡಿದೆವು, ಮೇಲೊಂದು ಬೋಗುಣಿ ಇಟ್ಟೆವು. ಬೋಗುಣಿ ಒಂದು ಕಡೆಗೆ ವಾಲಿತು, ಒಂದು ಕಲ್ಲು ಉಳಿದೆರಡಕ್ಕಿಂತ ಎರಡು ಬೆರಳು ಎತ್ತರ. "ಇದ ಬ್ಯಾಡ, ಇವೆರಡರ ಅಳತಿದು ಬೇಕು" ಅಂದೆ. ಅವನು ಎತ್ತರದ ಕಲ್ಲನ್ನು ಎದೆಗೆ ಅವಚಿಕೊಂಡು, ಸರಿಯಾದ್ದನ್ನು ಹುಡುಕಲು ಮತ್ತೆ ಹಿತ್ತಲಿಗೆ ಹೋದ.